ಸದ್ದು ಮಾಡುವ ಚಕ್ರಗಳು

ಈ ಸಲ ಆಯುಧಪೂಜೆಯ ಮರುದಿನ ಬೆಳಿಗ್ಗೆ ಹಾಲು ತರಲೆಂದು ಹೊರಟೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಚಕ್ರದಡಿ ಸಿಕ್ಕಿ ಜಜ್ಜಿಹೋದ ನಿಂಬೆಹಣ್ಣು, ಟೈರಿಗೆ ಬಳಿದ ಕಪ್ಪು ಪಾಲಿಶ್, ಒಡೆದು ಬಿಸಾಕಿದ ಬೂದುಗುಂಬಳದ ತಿರುಳು, ಎಲ್ಲ ಕಲೆತು ಬರುವ ಒಂದು ಹುಳಿ ವಾಸನೆ. ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ಈಗ ಮನೆಗೆ ಎರಡೆರಡು ಕಾರು, ಹಾಗಾಗಿ ಹಬ್ಬದ ಮರುದಿನ ರಸ್ತೆಯೆಲ್ಲ ಉಪ್ಪಿನಕಾಯಿ ಭರಣಿ ತೆರೆದಿಟ್ಟ ಹಾಗಿರುತ್ತದೆ. ಮಿಕ್ಕವರಿಗೆ ಅದು ಹಬ್ಬದ ವಾಸನೆ. ನನಗೆ ಮಾತ್ರ ಪಕ್ಕದ ಮನೆಯ ಯಜಮಾನರು ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. ಹಾಲು ಮರೆತು ವಾಪಸು ಬಂದೆ. ಹೆಂಡತಿ ಕೇಳಿದ್ದಕ್ಕೆ ಅಂಗಡಿ ಮುಚ್ಚಿತ್ತು ಎಂದು ಸುಳ್ಳು ಹೇಳಿದೆ.

ಅವರನ್ನು ಇಡೀ ಬೀದಿ ಯಜಮಾನರು ಎಂದೇ ಕರೆಯುತ್ತಿತ್ತು. ಮಂಡಿ ಮೊಹಲ್ಲಾದಲ್ಲಿ ಅವರ ಮನೆತನದ ಸಗಟು ಅಂಗಡಿ ಇತ್ತು. ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ. ಅವರೂ ಅವರ ತಮ್ಮನೂ ಸೇರಿ ನಡೆಸುತ್ತಿದ್ದರು. ಮಠಕ್ಕೆ ನಡೆದುಕೊಳ್ಳುವ ಮನೆ, ಹಣೆಯ ಮೇಲೆ ವಿಭೂತಿ ಇಲ್ಲದೆ ಅವರು ಹೊಸ್ತಿಲು ದಾಟಿದ್ದನ್ನು ಕಂಡವರಿಲ್ಲ. ಆದರೆ ಮಾತಿನಲ್ಲಿ ಮಹಾ ಕಿಡಿಗೇಡಿ. ನಾನು ವಾಹನ ವಿಮೆಯ ಸರ್ವೇಯರ್ ಆಗಿದ್ದವನು. ಅಪಘಾತವಾದ ಗಾಡಿಗಳನ್ನು ನೋಡಿ ನಷ್ಟ ಎಷ್ಟೆಂದು ಬರೆದುಕೊಡುವುದು ನನ್ನ ಕೆಲಸ. ಯಜಮಾನರ ಪ್ರಕಾರ, ಬೇರೆಯವರ ಕಾರು ನುಜ್ಜುಗುಜ್ಜಾದರೆ ನನ್ನ ಮನೆಯಲ್ಲಿ ಪಾಯಸ. ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ ಕೂಗುತ್ತಿದ್ದರು, "ಏನ್ ಸರ್ವೇಯರ್ರೇ, ಇವತ್ತು ಯಾವ ಲಾರಿ ಪುಣ್ಯ ಕಟ್ಕೊಳ್ತು?"

ಅವರ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತಿದ್ದೆವು. ಅಕ್ಕನಿಗೆ ಸಕ್ಕರೆ ಕಾಯಿಲೆ. ತೊಂಬತ್ತರ ದಶಕದ ಉದ್ದಕ್ಕೂ ಅದು ಅವರ ಕಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಾ ಬಂತು. ಮೊದಲು ಸೂಜಿಗೆ ದಾರ ಪೋಣಿಸುವುದು ಹೋಯಿತು, ಆಮೇಲೆ ಅಕ್ಕಿ ಆರಿಸುವುದು ಹೋಯಿತು. ದಶಕ ಮುಗಿಯುವ ಹೊತ್ತಿಗೆ ಬೆಳಕು ಯಾವುದು ನೆರಳು ಯಾವುದು ಎಂಬಷ್ಟೇ ಉಳಿದಿತ್ತು. ಅಡುಗೆಗೆ ಒಬ್ಬಾಕೆ ಬಂದಳು, ಬಟ್ಟೆಗೆ ಇನ್ನೊಬ್ಬಳು. ಮನೆಯ ಕೆಲಸಗಳೆಲ್ಲ ಹೀಗೆ ಒಂದೊಂದಾಗಿ ಕೈ ಬಿಟ್ಟು ಹೋದರೂ ಒಂದನ್ನು ಮಾತ್ರ ಅಕ್ಕ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಸಂಜೆ ಯಜಮಾನರ ಕಾರಿಗೆ ಗೇಟು ತೆಗೆಯುವುದು.

ಆಗ ಅವರ ಹತ್ತಿರ ಹಳೆಯ ಡೀಸೆಲ್ ಅಂಬಾಸಿಡರ್ ಇತ್ತು. ಅದರ ಡಿಕ್ಕಿಯಲ್ಲಿ ಸದಾ ಮೆಣಸಿನಕಾಯಿ ಮೂಟೆ. ಹತ್ತಿದವರೆಲ್ಲ ಸೀನುತ್ತಾ ಇಳಿಯಬೇಕು. ನಮ್ಮ ಬೀದಿ ಹಿಟ್ಟಿನ ಗಿರಣಿಯ ಮೂಲೆಯಿಂದ ನಮ್ಮ ಮನೆಗಳವರೆಗೆ ಇಳಿಜಾರು. ಆ ಮೂಲೆಯಲ್ಲಿ ಯಜಮಾನರು ಗೇರು ಇಳಿಸಿದರೆ ಇಂಜಿನ್ನು ಕೆಮ್ಮುತ್ತಿತ್ತು, ಒಳಗಿದ್ದ ಅಕ್ಕ ಕೈ ಒರೆಸಿಕೊಂಡು ಎದ್ದುಬಿಡುತ್ತಿದ್ದರು. ಗೋಡೆಯ ಮೇಲೆ ಕೈ ಆಡಿಸುತ್ತಾ ಜಗಲಿ ದಾಟಿ, ದಾಸವಾಳದ ಗಿಡ ಸವರಿಕೊಂಡು, ಗೇಟಿನ ಚಿಲಕ ಎತ್ತಿ ಎರಡೂ ಬಾಗಿಲನ್ನು ಹಿಂದಕ್ಕೆ ತಳ್ಳಿ ನಿಂತಿರುವಷ್ಟರಲ್ಲಿ ಕಾರು ಬರುತ್ತಿತ್ತು. ಬಂದದ್ದು ನಿಲ್ಲದೆ ಸೀದಾ ಒಳಗೆ. ಯಜಮಾನರಿಗೆ ಇದೊಂದು ದೊಡ್ಡ ಹೆಮ್ಮೆ. ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು, ತಮ್ಮ ಕಾರು ಸ್ವಂತ ಗೇಟಿನ ಮುಂದೆ ಬ್ರೇಕು ಒತ್ತಿದ್ದೇ ಇಲ್ಲವೆಂದು. ಗೇಟು ತೆಗೆಯುತ್ತಿದ್ದವರಿಗೆ ಕಣ್ಣು ಕಾಣದು ಎಂಬುದನ್ನು ಅವರು ಹೇಳುತ್ತಿರಲಿಲ್ಲ. ಅದು ಹೇಳುವ ಮಾತೇ ಅಲ್ಲ ಎಂದು ಅವರು ಅಂದುಕೊಂಡಿದ್ದರೋ, ಅಥವಾ ಅಷ್ಟು ಹೊತ್ತು ಮರೆತೇ ಬಿಡುತ್ತಿದ್ದರೋ... ಈಗ ಕೇಳಲು ಅವರಿಲ್ಲ.

ಹೊಸ ಶತಮಾನದ ಮೊದಲ ದಶಕ ಮುಗಿಯುತ್ತಾ ಬಂದಿತ್ತು. ಯಜಮಾನರು ವ್ಯಾಪಾರಕ್ಕೆಂದು ಬೆಂಗಳೂರಿಗೆ ಹೋದವರು ಅಲ್ಲಿ ಪರಿಚಯದ ಡಾಕ್ಟರೊಬ್ಬರ ಮನೆಯಲ್ಲಿ ಒಂದು ಕಾರು ನೋಡಿ ಮರುಳಾದರು. ವಿದೇಶದಿಂದ ತರಿಸಿದ ಹೈಬ್ರಿಡ್ ಕಾರು. ಪೆಟ್ರೋಲ್ ಇಂಜಿನ್ನಿನ ಜೊತೆಗೆ ಬ್ಯಾಟರಿಯ ಮೋಟಾರೂ ಇದೆ, ನಿಧಾನವಾಗಿ ಹೋಗುವಾಗ ಇಂಜಿನ್ನು ತಾನಾಗಿ ಸುಮ್ಮನಾಗಿ ಬರೀ ಬ್ಯಾಟರಿಯ ಮೇಲೆ ಓಡುತ್ತದೆ. ಡಾಕ್ಟರು ಮಾರುವ ಯೋಚನೆಯಲ್ಲಿದ್ದರು. ಇವರು ಮನೆಗೆ ಒಂದು ಫೋನೂ ಮಾಡದೆ ಮಾತು ಮುಗಿಸಿ ಬಂದರು. ಅಂಬಾಸಿಡರ್ ಪರಿಚಯದ ಒಬ್ಬ ರೈತರಿಗೆ ಹೋಯಿತು. ಹೊಸ ಕಾರು ಮೈಸೂರಿಗೆ ಬಂದ ದಿನ ನನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದರು. ಅವರ ಬಾಯಲ್ಲಿ ಒಂದೇ ಮಾತು, "ಕೇಳ್ರೀ, ಕೇಳಿ. ಏನಾದ್ರೂ ಕೇಳಿಸ್ತಾ? ಸದ್ದೇ ಇಲ್ಲ ಕಣ್ರೀ."

ಅವತ್ತು ಸಂಜೆ ನಾನು ಜಗಲಿಯಲ್ಲಿದ್ದೆ. ಹೊಸ ಕಾರು ಬೆಕ್ಕಿನ ಹಾಗೆ ಬಂದು ಗೇಟಿನ ಮುಂದೆ ನಿಂತಿತು. ಯಜಮಾನರು ಸ್ಟೇರಿಂಗ್ ಹಿಡಿದು ಕಾದರು. ಗೇಟು ತೆರೆಯಲಿಲ್ಲ. ಹಾರ್ನ್ ಹೊಡೆಯಲು ಅವರಿಗೆ ಮನಸ್ಸಿಲ್ಲ, ಅಷ್ಟು ವರ್ಷ ಹೊಡೆದವರಲ್ಲ. ಕೊನೆಗೆ ತಾವೇ ಇಳಿದು ಗೇಟು ತೆಗೆದು ಕಾರು ಒಳಗಿಟ್ಟು ಅಡುಗೆಮನೆಗೆ ಹೋಗಿ "ಬಂದ್ಬುಟ್ಟೆ" ಎಂದರಂತೆ. ಅಕ್ಕ ಬೆಚ್ಚಿ ಕೈಲಿದ್ದ ಡಿಕಾಕ್ಷನ್ ಪಾತ್ರೆ ಬಿಟ್ಟರು. ಮರುದಿನ ಅದನ್ನು ಹೇಳಿಕೊಂಡು ಇಬ್ಬರೂ ನಗುತ್ತಿದ್ದರು. ನಾವೂ ನಕ್ಕೆವು.

ನಗು ಆಯುಧಪೂಜೆಯವರೆಗೆ ಇತ್ತು.

ಹಬ್ಬದ ದಿನ ಕಾರನ್ನು ಅಂಗಳದಲ್ಲಿ ಗೇಟಿಗೆ ಮುಖ ಮಾಡಿ ನಿಲ್ಲಿಸಿದ್ದರು. ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಗೆರೆ, ಚೆಂಡುಹೂವಿನ ಹಾರ, ಚಕ್ರಕ್ಕೊಂದರಂತೆ ನಿಂಬೆಹಣ್ಣು. ಮಠದಿಂದ ಬಂದ ಅಯ್ಯನವರು ಪೂಜೆ ಮುಗಿಸಿದರು. ಅಕ್ಕ ಕಾರಿನ ಮುಂದೆ ನಿಂತು ಆರತಿ ಎತ್ತಿದರು. ಪ್ರತಿ ವರ್ಷವೂ ಅವರೇ ಎತ್ತುತ್ತಿದ್ದದ್ದು. ಆಮೇಲೆ ಅಯ್ಯನವರು, "ಇನ್ನು ಸ್ಟಾರ್ಟ್ ಮಾಡಿ ಹಣ್ಣು ತುಳಿಸಿ ಯಜಮಾನ್ರೇ" ಎಂದರು.

ನಮ್ಮ ಕಡೆ ಇದಕ್ಕೊಂದು ಹೇಳದೇ ನಡೆದುಬಂದ ಕ್ರಮವಿದೆ. ಇಂಜಿನ್ನು ಗುರ್ ಎಂದ ಮೇಲೆ ಮುಂದೆ ನಿಂತವರೆಲ್ಲ ಪಕ್ಕಕ್ಕೆ ಸರಿಯುತ್ತಾರೆ. ಸರಿಯಿರಿ ಎಂದು ಯಾರೂ ಕೂಗಬೇಕಾಗಿಲ್ಲ. ಆ ದಿನವೂ ಎಲ್ಲರೂ ಆ ಸದ್ದಿಗೇ ಕಾಯುತ್ತಿದ್ದೆವು, ನಾನೂ ಕೂಡ. ನಾವು ಕಣ್ಣಿದ್ದವರು ಹೇಗೋ ಬದಿಯಲ್ಲಿದ್ದೆವು. ಅಕ್ಕ ಆರತಿ ತಟ್ಟೆಯನ್ನು ಕೆಳಗಿಡಲು ಬಲಗಡೆಯ ಚಕ್ರದ ಮುಂದೆ ಬಗ್ಗಿದ್ದರು. ಬಾನೆಟ್ಟಿನ ಮರೆಯಲ್ಲಿ ಅವರು ಯಜಮಾನರಿಗೆ ಕಾಣಲಿಲ್ಲ. ಅವರು ಗುಂಡಿ ಒತ್ತಿದರು. ಯಾವ ಸದ್ದೂ ಆಗಲಿಲ್ಲ. ಕಾರು ಸುಮ್ಮನೆ ಮುಂದಕ್ಕೆ ಬಂತು.

ನಾನು ಕೂಗಿದೆ. ಬಂಪರು ಅಕ್ಕನ ಸೊಂಟಕ್ಕೆ ತಾಗಿ ಅವರು ಪಕ್ಕಕ್ಕೆ ಉರುಳಿದರು. ಬ್ರೇಕು ಬಿದ್ದಾಗ ಚಕ್ರ ನಿಂಬೆಹಣ್ಣನ್ನೂ ಅವರ ಸೆರಗಿನ ತುದಿಯನ್ನೂ ಸೇರಿಸಿ ತುಳಿದು ನಿಂತಿತ್ತು. ಕಾರು ಹಿಂದಕ್ಕೆ ತೆಗೆಯಲು ಯಜಮಾನರಿಂದ ಆಗಲಿಲ್ಲ. ನಾನೇ ಕೂತು ತೆಗೆದೆ. ಅಕ್ಕನ ಮಣಿಕಟ್ಟಿನ ಮೂಳೆ ಮುರಿದಿತ್ತು. ಸದ್ಯ ಬದುಕಿದರು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಕಟ್ಟು ಹಾಕಿಸಿಕೊಂಡು ಬಂದ ಅಕ್ಕ ಕೂಡ, "ಬುಡ್ರೀ, ಹಬ್ಬದ್ ದಿನ ಅಳ್ಬಾರ್ದು" ಎಂದು ಗಂಡನಿಗೇ ಸಮಾಧಾನ ಹೇಳಿದರು.

ಮೂಳೆ ಕೂಡಿಕೊಂಡಿತು. ಆದರೆ ಕಟ್ಟು ಬಿಚ್ಚಿದ ಮೇಲೂ ಅಕ್ಕ ಅಂಗಳಕ್ಕೆ ಇಳಿಯಲಿಲ್ಲ. ದಾಸವಾಳದ ಹೂವಿಗೆಂದು ಬಂದರೂ ಜಗಲಿಯ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದರು, "ರೀ, ಕಾರು ನಿಂತದಾ? ಆಫಾ?" ಯಜಮಾನರು ಅಂಗಡಿಯಲ್ಲಿದ್ದರೂ, ಅಂಗಳ ಖಾಲಿಯಾಗಿದ್ದರೂ ಕೇಳುತ್ತಿದ್ದರು. ಉತ್ತರ ಬರದಿದ್ದರೆ ಒಳಗೆ ಹೋಗಿಬಿಡುತ್ತಿದ್ದರು. ನಾನೋ ನನ್ನ ಹೆಂಡತಿಯೋ ಕಾಂಪೌಂಡಿನ ಈಚೆಯಿಂದ "ಕಾರು ಇಲ್ಲ ಅಕ್ಕ, ಬನ್ನಿ" ಎಂದು ಕೂಗಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸ್ವಂತ ಮನೆಯ ಅಂಗಳಕ್ಕೆ ಅವರು ಹೆದರುತ್ತಿದ್ದರು. ಅದನ್ನು ನೋಡುವುದು ನಮಗೇ ಕಷ್ಟವಾಗುತ್ತಿತ್ತು, ಯಜಮಾನರಿಗೆ ಹೇಗಾಗಿರಬೇಡ.

ಒಂದು ದಿನ ಕಾಂಪೌಂಡಿಗೆ ಒರಗಿ ನಿಂತು, ತಮಾಷೆ ಎಲ್ಲ ಬಿಟ್ಟು ಹೇಳಿದರು, "ಕಾರು ತಗೊಳ್ಳೋವಾಗ ಎಲ್ಲಾ ಕೇಳ್ದೆ ಕಣ್ರೀ. ಬ್ಯಾಟ್ರಿ ಎಷ್ಟು ವರ್ಷ ಬರ್ತದೆ, ಮೈಲೇಜ್ ಎಷ್ಟು, ಎಲ್ಲಾ. ಇವಳನ್ನ ಒಂದ್ ಮಾತು ಕೇಳ್ಲಿಲ್ಲ."

ಮಾರಿಬಿಡುತ್ತೇನೆ ಎಂದು ಹೊರಟಿದ್ದರು. ಅಕ್ಕ ಬಿಡಲಿಲ್ಲ. ಕುರುಡಿ ಗಂಡನ ಕಾರು ಮಾರಿಸಿದಳು ಎಂದು ನೆಂಟರು ಆಡಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಹಾರ್ನ್ ಹೊಡೆಯುತ್ತಾ ಬರುತ್ತೇನೆ ಎಂದರೆ, "ಹಾರ್ನ್ ಹೊಡೆದು ಕರೆಯೋಕೆ ನಾನೇನು ವಾಚ್‌ಮನ್ನಾ?" ಎಂದರು. ಹಿಂದಕ್ಕೆ ಚಲಿಸುವಾಗ ಹಾಡು ಬರುವ ಒಂದು ಪೆಟ್ಟಿಗೆಯನ್ನು ಯಜಮಾನರು ಹಾಕಿಸಿದರು. ಅದು ಹಿಂದಕ್ಕೆ ಹೋದಾಗ ಮಾತ್ರ ಹಾಡುವುದು, ಹಾಗಾಗಿ ಅವರು ಮೂಲೆಯಿಂದ ಮನೆಯವರೆಗೆ ಹಿಮ್ಮುಖವಾಗಿಯೇ ಬರತೊಡಗಿದರು. ಬೀದಿಯ ಮಕ್ಕಳಿಗೆ ಹಬ್ಬ. ಮೂರನೆಯ ದಿನ ಅಕ್ಕ, "ಐಸ್‌ಕ್ರೀಮ್ ಗಾಡಿ ಥರ ಬರ್ಬೇಡಿ, ಮರ್ಯಾದೆ ಹೋಗ್ತದೆ" ಎಂದ ಮೇಲೆ ಆ ಪೆಟ್ಟಿಗೆ ಕಳಚಿ ಬಂತು.

ದಾರಿ ತೋರಿಸಿದ್ದು ನನ್ನ ಜಿಪುಣತನ. ಗಿರಣಿಯ ಮೂಲೆ ತಿರುಗಿದೊಡನೆ, ಸರ್ವೇಗೆಂದು ಓಡಾಡುವ ನನ್ನ ಜೀಪಿನ ಇಂಜಿನ್ನು ಆಫ್ ಮಾಡಿ ಇಳಿಜಾರಿನಲ್ಲಿ ಉರುಳಿಸಿಕೊಂಡು ಬರುವುದು ನನ್ನ ಚಟ. ಎರಡು ಹನಿ ಡೀಸೆಲ್ ಉಳಿದರೆ ಅಷ್ಟೇ ಲಾಭ. ಒಂದು ಸಂಜೆ ಯಜಮಾನರೂ ನನ್ನ ಜೊತೆಗೆ ಜೀಪಿನಲ್ಲಿದ್ದರು, ಅವರ ಕಾರು ಸರ್ವಿಸಿಗೆ ಹೋಗಿತ್ತು. ಇಂಜಿನ್ನು ಸತ್ತು, ಒರಟು ಟೈರುಗಳು ಮಾತ್ರ ಗುಂಯ್ ಎನ್ನುತ್ತಾ ನಾವು ಇಳಿದೆವು. ಅವರ ಮನೆ ಇನ್ನೂ ಎರಡು ಮನೆ ದೂರ ಇರುವಾಗಲೇ ಅಕ್ಕ ಜಗಲಿಗೆ ಬಂದು ನಿಂತು, "ಸರ್ವೇಯರ್ ಬಂದ್ರು, ಇವರೆಲ್ಲಿ ಉಳ್ಕೊಂಡ್ರೋ" ಎಂದು ಅಡುಗೆಯಾಕೆಗೆ ಹೇಳುತ್ತಿದ್ದುದು ನಮಗೆ ಕೇಳಿಸಿತು. ಯಜಮಾನರು ಇಳಿಯಲಿಲ್ಲ. ಬಗ್ಗಿ ನನ್ನ ಜೀಪಿನ ಚಕ್ರವನ್ನೇ ನೋಡುತ್ತಾ ಕೂತರು.

ಮರುದಿನವೇ ನನ್ನನ್ನು ಎಳೆದುಕೊಂಡು ಹೋದರು. ಅವರ ಅಂಗಡಿಯ ಹಿಂದಿನ ಗಲ್ಲಿಯಲ್ಲೇ ಟೈರು, ರಿಮ್ಮು ಮಾರುವ ಒಂದು ಅಂಗಡಿ. ಮಾಲೀಕರನ್ನು ಎಲ್ಲರೂ ಭಾಯಿ ಎನ್ನುತ್ತಿದ್ದರು. ಯಜಮಾನರು ಹೋದವರೇ, "ಭಾಯಿ, ನನ್ ಕಾರ್‌ಗೆ ಸದ್ದು ಮಾಡೋ ಚಕ್ರ ಬೇಕು" ಎಂದರು. ಭಾಯಿ ನನ್ನ ಮುಖ ನೋಡಿದರು. ನಾನು ಮೇಲೆ ನೋಡಿದೆ.

"ಎಲ್ಲಾರೂ ಸೈಲೆಂಟ್ ಟೈರ್ ಕೇಳ್ತಾರೆ ಸಾಹುಕಾರ್ರೇ. ಸದ್ದು ಬಂದ್ರೆ ವಾಪಸ್ ತಂದು ನನ್ ಜೊತೆ ಜಗಳ ಆಡ್ತಾರೆ."

"ಸದ್ದು ಬರ್ಲಿಲ್ಲಾಂದ್ರೆ ನಾನು ಜಗಳ ಆಡ್ತೀನಿ."

ಭಾಯಿ ತಾಳ್ಮೆಯಿಂದ ಹೇಳಿದರು. ಈ ಕಾರು ಮಾಡಿದವರು ಪೆಟ್ರೋಲ್ ಉಳಿಯಲಿ ಎಂದೇ ಹಗುರವಾದ ಚಿಕ್ಕ ಚಕ್ರ, ಕಿರಿದಾದ ನುಣುಪು ಟೈರು ಕೊಟ್ಟಿದ್ದಾರೆ, ಅಗಲದ ಒರಟು ಟೈರು ಹಾಕಿದರೆ ಸದ್ದೇನೋ ಬರುತ್ತದೆ, ಮೈಲೇಜು ಹೋಗುತ್ತದೆ, ಆಮೇಲೆ ಹೈಬ್ರಿಡ್ ತಗೊಂಡು ಏನು ಪ್ರಯೋಜನ. ನಾನೂ ನನ್ನ ಪಾಲಿನ ರಾಗ ಎಳೆದೆ. ಕಂಪನಿ ಕೊಟ್ಟ ಚಕ್ರ ಬದಲಾಯಿಸಿದ್ದನ್ನು ವಿಮೆಯವರಿಗೆ ತಿಳಿಸದಿದ್ದರೆ ನಾಳೆ ನನ್ನಂಥವನೇ ಒಬ್ಬ ಬಂದು ತಕರಾರು ತೆಗೆಯುತ್ತಾನೆ ಎಂದೆ. ಯಜಮಾನರು, "ನಿಮ್ಮಂಥೋರು ಬಂದ್ರೆ ಕಾಫಿ ಕೊಟ್ಟು ಕಳುಸ್ತೀನಿ ಬುಡಿ" ಎಂದು ನನ್ನ ಬಾಯಿ ಮುಚ್ಚಿಸಿದರು.

ಅಲ್ಲಿಂದ ಶುರುವಾಯಿತು ನಮ್ಮ ಅಲೆದಾಟ. ಕಾರಿಗೆ ಚಕ್ರ ಹುಡುಕುವುದೆಂದರೆ ಹೆಣ್ಣಿಗೆ ಗಂಡು ಹುಡುಕುವುದಕ್ಕಿಂತ ರಗಳೆ. ಈ ಕಾರಿಗೆ ಐದು ನಟ್ಟು, ನಮ್ಮೂರಿನಲ್ಲಿ ಸಿಗುವ ಚೆಂದದ ರಿಮ್ಮುಗಳಿಗೆಲ್ಲ ನಾಲ್ಕೇ ತೂತು. ಐದು ತೂತಿನದ್ದು ಸಿಕ್ಕರೆ ತೂತುಗಳು ಕೂತಿರುವ ವೃತ್ತ ದೊಡ್ಡದು, ನಟ್ಟು ಕೂರದು. ಅದೂ ಹೊಂದಿದ ಒಂದು ಜೋಡಿ ಸಿಕ್ಕಿತು, ಕೂರಿಸಿ ತಿರುಗಿಸಿದರೆ ಒಳಗಿನ ಬ್ರೇಕಿಗೆ ತಾಗಿತು. ಇನ್ನೊಂದು ಸಲ ಬೆಂಗಳೂರಿನಿಂದ ತರಿಸಿದ್ದು ಹೊರಕ್ಕೆ ಚಾಚಿಕೊಂಡು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿನ ಅಂಚನ್ನು ಕೆರೆಯಿತು. ಯಜಮಾನರಿಗೆ ಆ ಕೆರೆಯುವ ಸದ್ದೇ ಸಾಕೆನಿಸಿತ್ತು. ಅದು ಮುಂದೆ ಟೈರು ಸೀಳುತ್ತದೆ ಎಂದು ಭಾಯಿ ಗದರಿ ಬಿಚ್ಚಿಸಿದರು. ವ್ಯಾಪಾರ ಬಿಟ್ಟು ಇವರು ಚಕ್ರದ ಹಿಂದೆ ಬಿದ್ದದ್ದನ್ನು ಕಂಡು ಅಂಗಡಿಯಲ್ಲಿ ತಮ್ಮನ ಮುಖ ದಪ್ಪವಾಯಿತು. ಈ ವಯಸ್ಸಿನಲ್ಲಿ ಶೋಕಿ ಎಂದು ಮಂಡಿಯವರೆಲ್ಲ ನಕ್ಕರು. ಯಾಕೆ ಎಂದು ಯಜಮಾನರು ಯಾರಿಗೂ ಹೇಳಲಿಲ್ಲ. ನೀವೂ ಹೇಳಬೇಡಿ ಎಂದು ನನಗೆ ಹೇಳಿದ್ದರು.

ಕೊನೆಗೆ ಭಾಯಿಯೇ ಒಂದು ದಾರಿ ಕಂಡುಹಿಡಿದರು. ಯೂರೋಪಿನ ಒಂದು ಕಾರಿಗೆಂದು ಮಾಡಿದ ರಿಮ್ಮು. ಐದು ತೂತೂ ಸರಿಯಾಗಿ ಕೂತವು. ನಡುವಿನ ರಂಧ್ರ ಮಾತ್ರ ಕೂದಲೆಳೆಯಷ್ಟು ದೊಡ್ಡದು. ಅದಕ್ಕೆ ಒಂದು ಉಂಗುರ ಮಾಡಿಸಿ ಒಳಗೆ ಕೂರಿಸಿದರು, ಚಕ್ರ ಅಲ್ಲಾಡಲಿಲ್ಲ, ಬ್ರೇಕಿಗೂ ತಾಗಲಿಲ್ಲ. ಇನ್ನು ಉಳಿದದ್ದು ಟೈರು. ಭಾಯಿ ನಾಲ್ಕೈದು ಬಗೆ ತೆಗೆದಿಟ್ಟರು. ಯಜಮಾನರು ಒಂದೊಂದರ ಮೇಲೂ ಕೈ ಆಡಿಸಿದರು. ಆಮೇಲೆ ಮನೆಗೆ ಹೋಗಿ ಅಕ್ಕನನ್ನು ಆಟೋದಲ್ಲಿ ಕರೆದುಕೊಂಡು ಬಂದರು.

ಆ ಮಧ್ಯಾಹ್ನ ನನ್ನ ಕಣ್ಣಿಗೆ ಕಟ್ಟಿದೆ. ಗಲ್ಲಿಯ ಬದಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಇಳಕಲ್ ಸೀರೆಯ ಅಕ್ಕ, ಸೆರಗು ಹೊದ್ದು, ತಲೆ ಸ್ವಲ್ಪ ಓರೆ ಮಾಡಿ. ಭಾಯಿ ತಮ್ಮ ಮನೆಯಿಂದ ಚಹಾ ತರಿಸಿ, ಸಕ್ಕರೆ ಹಾಕಿಲ್ಲ ಎಂದು ತಾವೇ ಹೇಳಿ ಕೈಗಿತ್ತರು. ಎದುರಿಗೆ ಮೂಟೆ ಹೊರುತ್ತಿದ್ದ ಹಮಾಲರೂ ನಿಂತು ನೋಡತೊಡಗಿದರು. ಒಂದೊಂದು ಬಗೆಯ ಟೈರು ಮುಂದಿನ ಚಕ್ರಗಳಿಗೆ ಹಾಕುವುದು, ಯಜಮಾನರು ಗಲ್ಲಿಯ ತುದಿಗೆ ಹೋಗಿ ಬ್ಯಾಟರಿಯ ಮೇಲೆ ನಿಧಾನವಾಗಿ ಬಿಟ್ಟುಕೊಂಡು ಬರುವುದು. ಮೊದಲನೆಯದನ್ನು ಕೇಳಿ ಅಕ್ಕ, "ಇದು ಬಸ್ಸು" ಎಂದರು. ಎರಡನೆಯದಕ್ಕೆ, "ಇದು ಅಳ್ತಾ ಬರ್ತದೆ, ಬ್ಯಾಡ." ಮತ್ತೊಂದು ಅವರಿಗೆ ಕೇಳಿಸಲೇ ಇಲ್ಲ, ಕಾರು ಹತ್ತಿರ ಬಂದಾಗ ನಾನು ಹೇಳಿದ್ದಕ್ಕೆ ಕುರ್ಚಿಯ ಕೈ ಬಿಗಿಯಾಗಿ ಹಿಡಿದರು. ಯಜಮಾನರ ಬೆವರು ಇಳಿಯುತ್ತಿತ್ತು.

ಆಮೇಲೆ ಒಂದು ಬಂತು. ದಪ್ಪ ದಪ್ಪ ಗೀರಿನ ಟೈರು. ಗಂಟಲು ಸರಿಪಡಿಸಿಕೊಂಡು ಯಾರೋ ಒಳಗೊಳಗೇ ಗುನುಗಿದ ಹಾಗೆ ಅದರ ಸದ್ದು. ಅಕ್ಕ ಚಹಾದ ಲೋಟ ಕೆಳಗಿಟ್ಟರು. ಕಾರು ನಿಂತು ಯಜಮಾನರು ಇಳಿದು ಎದುರಿಗೆ ಬಂದಾಗ, "ಇದು ನೀವೇ ಕಣ್ರೀ" ಎಂದರು.

ನನ್ನನ್ನೂ ಭಾಯಿಯನ್ನೂ ಬೆನ್ನ ಹಿಂದೆ ಬಿಟ್ಟು ಯಜಮಾನರು ರಿಮ್ಮುಗಳ ರಾಶಿಯ ಕಡೆ ತಿರುಗಿ ನಿಂತರು. ಮೂಗು ಒರೆಸಿಕೊಂಡು, ಮೆಣಸಿನಕಾಯಿ ಘಾಟು ಎಂದರು. ಅಲ್ಲಿ ಮೆಣಸಿನಕಾಯಿ ಇರಲಿಲ್ಲ.

ಅದಾದ ವಾರದಲ್ಲೇ ಅಕ್ಕ ಮತ್ತೆ ಗೇಟಿಗೆ ಬಂದರು. ಮೊದಲ ದಿನ ಜಗಲಿಯ ಮೆಟ್ಟಿಲವರೆಗೆ, ಮಾರನೆಯ ದಿನ ದಾಸವಾಳದವರೆಗೆ. ಒಂದು ಸಂಜೆ ಚಿಲಕ ಎತ್ತಿದ ಸದ್ದು ಕೇಳಿ ನಾನೂ ನನ್ನ ಹೆಂಡತಿಯೂ ಕಾಂಪೌಂಡಿನ ಬಳಿ ಓಡಿದೆವು. ಗಿರಣಿಯ ಮೂಲೆಯಿಂದ ಆ ಗುನುಗು ಇಳಿದು ಬರುತ್ತಿತ್ತು. ಅಕ್ಕ ಎರಡೂ ಬಾಗಿಲು ತಳ್ಳಿ ಒಂದಕ್ಕೆ ಒರಗಿ ನಿಂತಿದ್ದರು, ಮುಖದಲ್ಲಿ ಅಳುಕು ಇತ್ತು, ಆದರೆ ಸರಿಯಲಿಲ್ಲ. ಕಾರು ನಿಲ್ಲದೆ ಸೀದಾ ಒಳಗೆ ಹೋಯಿತು. ಯಜಮಾನರು ತುಂಬ ಹೊತ್ತು ಕಾರಿನಿಂದ ಇಳಿಯಲಿಲ್ಲ. ಅಕ್ಕನೇ ಹೋಗಿ ಕಿಟಕಿಯ ಗಾಜು ತಟ್ಟಿ, "ಊಟಕ್ಕೆ ಬರ್ತೀರೋ, ಅಲ್ಲೇ ತಂದ್ಕೊಡ್ಲೋ" ಎಂದರು.

ಮೈಲೇಜು ಭಾಯಿ ಹೇಳಿದ ಹಾಗೇ ಬಿದ್ದುಹೋಯಿತು. ಯಾರಾದರೂ ಕೇಳಿದರೆ ಯಜಮಾನರು ಕಂಪನಿಯವರೂ ನಾಚುವಂಥ ಸುಳ್ಳು ಹೇಳುತ್ತಿದ್ದರು. ಹಳೆಯ ಚಕ್ರಗಳನ್ನು ಗೋಣಿಯಲ್ಲಿ ಸುತ್ತಿ ಅಂಗಡಿಯ ಅಟ್ಟಕ್ಕೆ ಹಾಕಿಸಿದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ... ಆಮೇಲೆ ಬಹಳ ದಿನ ಉಳಿದಿರಲಿಲ್ಲ.

ಎರಡು ವರ್ಷವೂ ತುಂಬಿರಲಿಲ್ಲ. ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಕೂತು ವರದಿ ಬರೆಯುತ್ತಿದ್ದೆ. ಮೂಲೆಯಲ್ಲಿ ಆ ಸದ್ದು ಕೇಳಿಸಿತು. ಹೊತ್ತಲ್ಲದ ಹೊತ್ತು. ಅಕ್ಕ ಒಳಗಿನಿಂದ ಅವಸರವಾಗಿ ಬಂದರು, ಇವರು ಇಷ್ಟು ಬೇಗ ಬಂದರಲ್ಲ ಎಂಬ ಖುಷಿ ಮುಖದಲ್ಲಿ ಕಾಣುತ್ತಿತ್ತು. ಚಿಲಕ ಎತ್ತಿ ಬಾಗಿಲು ತಳ್ಳಿ ನಿಂತರು. ಕಾರು ಬಂತು, ಬಂದು ಗೇಟಿನ ಮುಂದೆ ನಿಂತಿತು.

ನಿಂತಿತು, ಅಷ್ಟೇ. ನಡೆಸುತ್ತಿದ್ದದ್ದು ಅಂಗಡಿಯ ಗುಮಾಸ್ತರು. ಯಜಮಾನರಿಗೆ ಗಲ್ಲಾದ ಮೇಲೆಯೇ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿ, ಅಕ್ಕನನ್ನು ಕರೆತರಲು ಅದೇ ಕಾರಿನಲ್ಲಿ ಗುಮಾಸ್ತರನ್ನು ಕಳಿಸಿದ್ದರು. ಆ ಕಾರು ಆ ಗೇಟಿನ ಮುಂದೆ ನಿಲ್ಲಬಾರದು ಎಂದು ಪಾಪ ಅವರಿಗೆ ಹೇಗೆ ಗೊತ್ತಾಗಬೇಕು. ಅಕ್ಕ ಗೇಟಿನ ಸರಳು ಹಿಡಿದು ನಿಂತಲ್ಲೇ ನಿಂತರು. ಅವರ ಮುಖ ಬದಲಾದದ್ದನ್ನು ನಾನು ನೋಡಿದೆ. "ಯಾರದು?" ಎಂದು ಕೇಳಿದರು.

ಅಕ್ಕ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ತಿಂಗಳ ಮೇಲೆ ಯಜಮಾನರ ತಮ್ಮ ಆ ಕಾರನ್ನು ಮಾರಿದರು. ಮನೆಯಲ್ಲಿ ನಡೆಸುವವರಿಲ್ಲ, ನಿಂತರೆ ಬ್ಯಾಟರಿ ಕೆಡುತ್ತದೆ, ಅವರು ಮಾಡಿದ್ದು ಲೋಕ ಒಪ್ಪುವ ಕೆಲಸವೇ. ಕೊಂಡವರು ನಮ್ಮ ಹಿಂದಿನ ಬೀದಿಯ ಒಬ್ಬ ಲೆಕ್ಚರರು. ಒಳ್ಳೆಯ ಮನುಷ್ಯ. ಅವರೂ ಸಂಜೆ ಹೊತ್ತಿಗೆ ಗಿರಣಿಯ ಮೂಲೆ ತಿರುಗಿ ನಮ್ಮ ಬೀದಿಯನ್ನೇ ಹಾದು ಮನೆಗೆ ಹೋಗುತ್ತಿದ್ದರು. ಕಾರು ಕೊಳ್ಳುವಾಗ ಅಕ್ಕನನ್ನು ಕೇಳಿರಲಿಲ್ಲ ಎಂದು ಯಜಮಾನರು ಎಷ್ಟು ಕೊರಗಿದ್ದರು. ಮಾರುವಾಗಲೂ ಯಾರೂ ಕೇಳಲಿಲ್ಲ. ಅಷ್ಟು ವರ್ಷದಲ್ಲಿ ಅವರನ್ನು ಕೇಳಿ ಆರಿಸಿದ್ದು ಆ ಚಕ್ರಗಳನ್ನು ಮಾತ್ರ.

ಮೂಲೆಯಲ್ಲಿ ಆ ಗುನುಗು ಕೇಳಿಸಿದೊಡನೆ ಅಕ್ಕ ಏಳುತ್ತಿದ್ದರು. ಜಗಲಿ ದಾಟಿ, ಹೂವಿನ ಗಿಡ ಸವರಿಕೊಂಡು ಗೇಟಿನವರೆಗೆ ಬರುತ್ತಿದ್ದರು. ಚಿಲಕ ಮುಟ್ಟುತ್ತಿರಲಿಲ್ಲ. ಕಾರು ಹಾದುಹೋಗಿ ಸದ್ದು ಅಡಗುವವರೆಗೆ ನಿಂತು ಒಳಗೆ ಹೋಗುತ್ತಿದ್ದರು. ಬೀದಿಯ ಹೆಂಗಸರು ಕಣ್ಣೊರೆಸಿಕೊಂಡರು. ಪಾಪ, ತಲೆ ಸರಿಯಿಲ್ಲ ಎಂದೂ ಕೆಲವರು ಅಂದರು. ತಲೆ ಸರಿಯಾಗಿಯೇ ಇತ್ತು. ನನ್ನ ಹೆಂಡತಿ ಒಮ್ಮೆ ತಡೆಯಲಾರದೆ, "ಯಾಕಕ್ಕ ಹಿಂಗೆ ನಿಮ್ಮನ್ನ ನೀವೇ ನೋಯಿಸ್ಕೊತೀರಿ" ಎಂದಾಗ ಅಕ್ಕ, "ಹೋದೋರು ಹೋದ್ರು ಅಂತ ನಂಗೆ ಗೊತ್ತು ಕಣಮ್ಮ. ಕಿವಿಗೆ ಗೊತ್ತಾಗಲ್ವಲ್ಲ. ಅದು ಬಂದ್ರು ಅಂತದೆ, ನಾನು ಎದ್ದು ಬರ್ತೀನಿ" ಎಂದರು.

ಆಮೇಲೆ ಒಂದು ಸಂಜೆ ಸದ್ದು ಬರಲಿಲ್ಲ. ಮರುದಿನವೂ ಬರಲಿಲ್ಲ. ಲೆಕ್ಚರರು ಮೈಲೇಜು ಯಾಕೆ ಇಷ್ಟು ಕಡಿಮೆ ಎಂದು ತಲೆಕೆಡಿಸಿಕೊಂಡು ಯಾರನ್ನೋ ವಿಚಾರಿಸಿದ್ದಾರೆ, ಅಂಗಡಿಯ ಅಟ್ಟದಲ್ಲಿ ಕಂಪನಿಯ ಚಕ್ರಗಳು ಇವೆ ಎಂದು ತಿಳಿದು ಬದಲಾಯಿಸಿಕೊಂಡಿದ್ದಾರೆ. ಅವರದ್ದು ಏನೇನೂ ತಪ್ಪಿಲ್ಲ. ಕಾರು ಆಗಲೂ ಅದೇ ಹೊತ್ತಿಗೆ ನಮ್ಮ ಬೀದಿಯಲ್ಲಿ ಹಾದುಹೋಗುತ್ತಿತ್ತು, ನಾನು ನೋಡುತ್ತಿದ್ದೆ. ಕೇಳಿಸುತ್ತಿರಲಿಲ್ಲ, ಅಷ್ಟೇ.

ಅಕ್ಕ ಜಗಲಿಯಿಂದ ನನ್ನನ್ನು ಕರೆದು ಕೇಳಿದರು, "ಅಪ್ಪಾ, ಆ ಮೇಷ್ಟ್ರು ಊರಲ್ಲಿಲ್ವಾ? ಕಾರು ಬರ್ತಾ ಇಲ್ಲ." ನಾನು ಇದ್ದದ್ದನ್ನು ಹೇಳಿದೆ. ಹಳೆಯ ಚಕ್ರ ಹಾಕಿಕೊಂಡಿದ್ದಾರೆ, ಈ ಕಾರಿಗೆ ಸರಿಯಾದವು ಅವೇ ಅಕ್ಕ ಎಂದೆ. ಅಕ್ಕ ತಲೆಯಾಡಿಸಿ, "ಸರಿ ಬುಡಪ್ಪ, ಕಾರಿಗೆ ಯಾವ್ದು ಒಪ್ತದೋ ಅದೇ ಹಾಕ್ಬೇಕು" ಎಂದು ಒಳಗೆ ಹೋದರು. ಯಜಮಾನರನ್ನು ಎತ್ತಿಕೊಂಡು ಹೋದ ದಿನ ಅಳದೆ ಕೂತಿದ್ದವರು, ಆ ಸಂಜೆ ಅಡುಗೆಮನೆಯಲ್ಲಿ ಅತ್ತದ್ದು ಕಾಂಪೌಂಡಿನ ಈಚೆಗೂ ಕೇಳಿಸಿತು. ನಾವಿಬ್ಬರೂ ಹೋಗಬೇಕೆಂದು ಎದ್ದು, ಮತ್ತೆ ಕೂತೆವು. ಅದಾದ ಮೇಲೆ ಅಕ್ಕ ಗೇಟಿನ ಹತ್ತಿರ ಬಂದದ್ದನ್ನು ನಾನು ಕಾಣೆ.

ಅಕ್ಕ ತೀರಿಕೊಂಡೂ ಈಗ ವರ್ಷಗಳಾದವು. ಆ ಮನೆಯ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡವಿದೆ, ಅದರ ಗೇಟು ಗುಂಡಿ ಒತ್ತಿದರೆ ತಾನೇ ತೆರೆದುಕೊಳ್ಳುತ್ತದೆ. ಮೊನ್ನೆ ನನ್ನ ಮಗಳು ಹೊಸ ಕಾರು ತಂದಳು, ಪೂರ್ತಿ ಬ್ಯಾಟರಿಯದ್ದು. ನಿಧಾನಕ್ಕೆ ಹೋಗುವಾಗ ಅದರಿಂದ ಒಂದು ಸಣ್ಣ ಊಳಿಡುವ ಸದ್ದು ಬರುತ್ತದೆ. ಏನದು, ಕೆಟ್ಟಿದೆಯಾ ಎಂದು ಕೇಳಿದೆ. ಕೆಟ್ಟಿಲ್ಲ ಅಪ್ಪ, ನಡೆಯುವವರಿಗೆ ಗೊತ್ತಾಗಲಿ ಎಂದು ಕಂಪನಿಯವರೇ ಸದ್ದು ಕೂರಿಸಿ ಕಳಿಸುತ್ತಾರೆ, ಕಣ್ಣು ಕಾಣದವರಿಗೆ ಬಹಳ ಅನುಕೂಲ ಎಂದಳು. ಯಜಮಾನರಿದ್ದಿದ್ದರೆ, ಅಂತೂ ಬುದ್ಧಿ ಬಂತಾ ನಿಮಗೆ ಎಂದು ಗದ್ದಲ ಎಬ್ಬಿಸುತ್ತಿದ್ದರು.

ನಿನ್ನೆ ಸಂಜೆ ಅವಳು ಬರುವ ಹೊತ್ತಿಗೆ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಗಿರಣಿಯ ಮೂಲೆಯಲ್ಲಿ ಆ ಸದ್ದು ಕೇಳಿಸಿತು, ಎದ್ದು ನಿಂತೆ. ಕಾರು ಮುಂದಕ್ಕೆ ಹೋಯಿತು. ಇನ್ನೊಂದು ಬಂತು, ಅದೇ ಸದ್ದು, ಅದೂ ಹೋಯಿತು. ಎಲ್ಲ ಕಾರಿಗೂ ಒಂದೇ ಸದ್ದು ಕೂರಿಸಿದ್ದಾರೆ. ಕಾರು ಬಂತು ಎನ್ನುವುದು ಗೊತ್ತಾಗುತ್ತದೆ. ಯಾರು ಬಂದರು ಎನ್ನುವುದು ಗೊತ್ತಾಗುವುದಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದು ಅದೊಂದೇ ಆಗಿತ್ತು.